ಪಥ್ಯ ಅಂದದ್ದು ನಾನೇ

ನಮ್ಮ ಸೀಮೆಯಲ್ಲಿ ನಿಂತು, ಶೇಂಗಾ ತಿಂದರೆ ನನ್ನ ಕೂಸು ಸಾಯುತ್ತದೆ ಎಂದು ಹೇಳಿ ನೋಡಿ. ಮೊದಲು ನಗುತ್ತಾರೆ. ಆಮೇಲೆ, ಇವಳಿಗೆ ದೊಡ್ಡಸ್ತಿಕೆ ಬಂದಿದೆ ಅನ್ನುವಂತೆ ಮೇಲಿಂದ ಕೆಳಗೆ ನೋಡುತ್ತಾರೆ. ನೀವು ಆ ಕಡೆ ಹೊರಳಿದ ಕೂಡಲೇ ಕೂಸಿನ ಬಾಯಿಗೆ ಒಂದು ಕಾಳು ಹಾಕಿ ಪರೀಕ್ಷೆಯನ್ನೂ ಮಾಡುತ್ತಾರೆ. ಜೇವರ್ಗಿಯ ನನ್ನ ತವರಿನಲ್ಲಿ ಒಡಹುಟ್ಟಿದ ಅಣ್ಣನೇ ಇದಕ್ಕೆ ಕೈ ಹಾಕಿದ್ದ. "ಒಂದ್ ಕಾಳಿಗಿ ಯಾರರೆ ಸಾಯ್ತಾರೇನ್ ಬೇ?" ಅಂದ. ಅವನ ಕೈಮೇಲೆ ಹೊಡೆದು ಕಾಳು ಕೆಡವಿದೆ. ಅವತ್ತಿನಿಂದ ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅದರಿಂದ ನನಗೇನೂ ನಷ್ಟವಾಗಿಲ್ಲ.

ನಾನು ಸುರೇಖಾ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್, ಆಳಂದ ಕಲಬುರಗಿ ಮಾರ್ಗ. ಬಾಯಿ ಜೋರು ಎಂದು ಡಿಪೊದಲ್ಲಿ ಹೆಸರಿದೆ. ಐವತ್ತು ಸೀಟಿನ ಬಸ್ಸಿಗೆ ತೊಂಬತ್ತು ಜನ ಹತ್ತಿದಾಗ ಮೆತ್ತಗೆ ಮಾತಾಡಿ ನೋಡಿ, ಗೊತ್ತಾಗುತ್ತದೆ. ಗಂಡ ಮಲ್ಲಿನಾಥ ಆಳಂದದ ತೊಗರಿ ಅಡತಿಯಲ್ಲಿ ತೂಕ ಮಾಡುತ್ತಾನೆ. ಮನೆಯಲ್ಲಿ ಅತ್ತೆ ಇದ್ದಾರೆ. ಮಗಳು ಸಾನಿಕಾಗೆ ಈಗ ಆರು ವರ್ಷ. ಮೂರು ಹೊತ್ತೂ ರೊಟ್ಟಿಯ ಮಗ್ಗುಲಲ್ಲಿ ಶೇಂಗಾ ಹಿಂಡಿ ಇರಲೇಬೇಕಾದ ಮನೆ ನಮ್ಮದು. ಶೇಂಗಾ, ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಆ ಪುಡಿ ಇಲ್ಲದಿದ್ದರೆ ಅತ್ತೆಗೆ ಉಂಡ ಹಾಗೇ ಆಗುವುದಿಲ್ಲ. ಅಂಥ ಮನೆಯಲ್ಲಿ ಇಂಥ ಕೂಸು ಹುಟ್ಟಿತು.

ಮೊದಲ ಸಲ ಗೊತ್ತಾದದ್ದು ನಾಗರಪಂಚಮಿಗೆ, ಅವಳಿಗೆ ಎರಡು ತುಂಬುವ ಮೊದಲು. ಅದುವರೆಗೆ ಹಾಲು, ಗಂಜಿ, ಮೆತ್ತನೆ ಅನ್ನದಲ್ಲಿದ್ದ ಕೂಸು. ಅತ್ತೆ ಹಬ್ಬದ ಶೇಂಗಾ ಉಂಡಿ ಕಟ್ಟಿ ಒಂದು ಚೂರನ್ನು ಅದರ ಬಾಯಿಗಿಟ್ಟರು. ಮೈತುಂಬ ದದ್ದು ಎದ್ದವು, ಕಣ್ಣು ಬಾತು ಮುಚ್ಚಿದವು, ಎರಡು ಸಲ ವಾಂತಿಯಾಯಿತು. ನಾನು ಡ್ಯೂಟಿ ಮುಗಿಸಿ ಬಂದಾಗ ಕೂಸನ್ನು ನಾಗರಕಲ್ಲಿನ ಮುಂದೆ ಮಲಗಿಸಿ ಹಾಲು ಎರೆಯುತ್ತಿದ್ದರು.

"ಹಾಲ್ ಎರಿಯೋ ದಿನ ಟಿಕೀಟ್ ಹರಿಯಾಕ ಹೋದಿ. ನಾಗಪ್ಪ ಸುಮ್ನ ಬಿಡ್ತಾನೇನು?" ಎಂದರು ಅತ್ತೆ.

ಆ ಸಲ ಬಾವು ತಾನಾಗಿಯೇ ಇಳಿಯಿತು. ಅತ್ತೆ ಅದನ್ನು ನಾಗಪ್ಪನ ಲೆಕ್ಕಕ್ಕೆ ಹಾಕಿದರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ರಜೆ ಹಾಕಿ ಕೂಸನ್ನು ಕಲಬುರಗಿಗೆ ಕರೆದುಕೊಂಡು ಹೋದೆ.

ಅಲ್ಲಿನ ದವಾಖಾನೆಯ ಬೆಂಚಿನ ಮೇಲೆ ಮೂರು ತಾಸು ಕೂತೆ. ಎದುರಿಗೆ ಕೂತ ಹೆಂಗಸೊಬ್ಬಳು ಏನಾಗಿದೆ ಎಂದು ಕೇಳಿದಳು, ಹೇಳಿದೆ. ಅವಳು ತನ್ನ ಮಗುವನ್ನು ಎತ್ತಿಕೊಂಡು ಎರಡು ಬೆಂಚು ಆಚೆ ಹೋಗಿ ಕೂತಳು, ಅದೇನು ಅಂಟುರೋಗವೋ ಅನ್ನುವ ಹಾಗೆ. ಒಳಗೆ ಡಾಕ್ಟರಮ್ಮ ಕೂಸಿನ ಮುಂಗೈ ಮೇಲೆ ಸಾಲಾಗಿ ಹನಿ ಬಿಟ್ಟು ಸಣ್ಣಗೆ ಚುಚ್ಚಿದರು. ಕಾಲು ತಾಸಿನಲ್ಲಿ ಒಂದು ಹನಿಯ ಜಾಗ ಹುಣಸೆಬೀಜದಷ್ಟು ಉಬ್ಬಿತು. ಅದೇ ಶೇಂಗಾದ ಹನಿ.

ಆ ಡಾಕ್ಟರಮ್ಮ ಅಫಜಲಪುರದ ಕಡೆಯವರು, ನಮ್ಮ ಮಾತನ್ನೇ ಆಡುವವರು. "ನೋಡ್ರಿ, ಇದು ಪಿತ್ತ ಅಲ್ಲ, ಮಾಟ ಅಲ್ಲ. ಇನ್ನೊಮ್ಮಿ ತಿಂದ್ರ ಇದಕ್ಕಿಂತ ಜೋರ್ ಆಗಬಹುದು. ಉಸರು ಕಟ್ಟತದ, ಕೂಸು ಕುಸೀತದ," ಎಂದರು. ಸಣ್ಣ ಸಣ್ಣ ಔಷಧದ ಸೀಸೆ, ಸಿರಿಂಜು ಕೊಟ್ಟು, ಎಷ್ಟು ಎಳೆಯಬೇಕು ಎಂದು ಸಿರಿಂಜಿನ ಮೇಲೆ ಪೆನ್ನಿನಿಂದ ಗೆರೆ ಹಾಕಿದರು. ಬಾಳೆಕಾಯಿಗೆ ಚುಚ್ಚಿಸಿ ಚುಚ್ಚಿಸಿ ನನಗೆ ಕಲಿಸಿದರು. "ತೊಡಿಯ ಹೊರಗಿನ ಬಾಜೂಕ ಹಾಕ್ರಿ, ಬಟ್ಟಿ ಮ್ಯಾಲಿಂದನೇ ಆದ್ರೂ ನಡೀತದ. ಮೊದಲ ಸೂಜಿ, ಆಮ್ಯಾಲ ದವಾಖಾನಿ, ಅದಾದ ಮ್ಯಾಲ ಅಳೂದು." ಕಡೆಗೆ ಇನ್ನೊಂದು ಮಾತು ಹೇಳಿದರು: "ಎರಡ್ ಜೋಡಿ ಕೊಡಾಕತ್ತೇನಿ. ಒಂದು ನಿಮ್ ಹತ್ರ. ಇನ್ನೊಂದು ಕೂಸು ಎಲ್ಲಿರ್ತದೋ ಅಲ್ಲಿ."

ಆ ಕಡೆಯ ಮಾತನ್ನು ನಾನು ಅರ್ಧವೇ ಪಾಲಿಸಿದೆ.

ಸಾನಿಕಾಗೆ ಮೂರು ತುಂಬಿದ ಮೇಲೆ ನಮ್ಮ ಓಣಿಯ ಅಂಗನವಾಡಿಗೆ ಹಾಕಿದೆ. ಅಲ್ಲಿಗೆ ಆಗಾಗ ಶೇಂಗಾ ಚಿಕ್ಕಿ ಬರುತ್ತಿತ್ತು. ಟೀಚರ್‌ಗೆ ಎಲ್ಲ ಹೇಳಿ ಸೂಜಿಯ ಡಬ್ಬಿ ಮುಂದಿಟ್ಟೆ. ಅವರು ಡಬ್ಬಿಯನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದರು. "ಸೂಜಿ ಮಾಡೂದು ನಮ್ ಕೆಲಸ ಅಲ್ರಿ. ಏನರೆ ಆದ್ರ ನನ್ ಕೊರಳಿಗಿ ಬರ್ತದ. ಚಿಕ್ಕಿ ಬಂದ ದಿನ ಕೂಸಿಗಿ ಮನಿಗಿ ಕಳಸ್ತೇನಿ, ಆತಿಲ್ರಿ?" ಎಂದರು. ನಾನು ಜಗಳ ಮಾಡಬೇಕಿತ್ತು. ಪುಕ್ಕಟೆ ಜಗಳಕ್ಕೆ ಹೆಸರಾದವಳು, ಬೇಕಾದ ಜಗಳವನ್ನು ಮಾಡಲಿಲ್ಲ. ಖರೆ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು. ನನ್ನ ಕೂಸಿಗೆ ಬೇರೆಯವರು ಸೂಜಿ ಚುಚ್ಚುವುದು ನನಗೂ ಬೇಡವಾಗಿತ್ತು. ಒಂದು ಡಬ್ಬಿ ಮನೆಯ ಗೂಡಿನಲ್ಲಿ, ಇನ್ನೊಂದು ನನ್ನ ಟಿಕೆಟ್ ಚೀಲದಲ್ಲಿ ಉಳಿಯಿತು. ಕೂಸು ಇದ್ದ ಜಾಗದಲ್ಲಿ ಏನೂ ಇರಲಿಲ್ಲ.

ಅಂಗನವಾಡಿಯಲ್ಲಿ ಅಡುಗೆ ಮಾಡಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಹಾಯಕಿಯ ಹೆಸರು ಕಾಶೀಬಾಯಿ. ಓಣಿಗೆಲ್ಲ ಕಾಶೀಮೌಶಿ, ಅಂದರೆ ಚಿಕ್ಕಮ್ಮ. ಅರವತ್ತರ ಹತ್ತಿರದ ವಿಧವೆ, ಹಣೆಗೆ ವಿಭೂತಿ, ಸೀರೆಯ ಸೆರಗು ಸದಾ ಸೊಂಟಕ್ಕೆ. ಮಕ್ಕಳು ಅವಳ ಬೆನ್ನ ಮೇಲೆ ಹತ್ತಿ ಇಳಿಯುತ್ತಿದ್ದವು. ಅವಳಿಗೆ ನಾನು ಮೊದಲು ಹೇಳಿದ್ದು ಡಾಕ್ಟರಮ್ಮ ಹೇಳಿದ ಶಬ್ದವನ್ನೇ, ಕೂಸಿಗೆ ಶೇಂಗಾ ಅಲರ್ಜಿ ಎಂದು.

ಮೌಶಿ ನಕ್ಕಳು. "ನನಗೂ ಬದನಿಕಾಯಿ ಅಲರ್ಜಿ ಅದ ತಗೋ. ತಿಂತೇನಿ, ತುರಸ್ತದ, ಕೆರಕೋತೇನಿ. ಅದಕ್ಕೇನ್ ದೊಡ್ಡಾಟ!"

ಈ ಮುದುಕಿಗೆ ಹೇಗೆ ತಿಳಿಸುವುದು ಎಂದು ತಲೆಕೆಟ್ಟಿತು. ಆಗ ನನ್ನ ಜಾಣತನಕ್ಕೆ ಆ ಶಬ್ದ ಹೊಳೆಯಿತು. "ಮೌಶಿ, ಕೂಸಿಗಿ ಶೇಂಗಾ ಪಥ್ಯ ಅದ. ಕಟ್ಟುನಿಟ್ಟಿನ ಪಥ್ಯ," ಎಂದೆ.

ಅವಳ ಮುಖವೇ ಬದಲಾಯಿತು. ಕಾಮಾಲೆಗೆ ಬೇರು ಅರೆದು ಕುಡಿದಾಗಿನ ಪಥ್ಯ, ಬಾಣಂತಿಯ ಪಥ್ಯ, ಇವೆಲ್ಲ ನಮ್ಮ ಕಡೆ ದೇವರ ಕೆಲಸದಷ್ಟೇ ಗಟ್ಟಿ. "ಹಂಗ ಮೊದಲೇ ಅನ್ನಬಾರದೇನವ್ವಾ? ಪಥ್ಯ ಅಂದಮ್ಯಾಲ ಮುಗೀತು. ನನ್ ಕೈಯಾಗ ಬಿಡು," ಎಂದು ಕೂಸನ್ನು ಎದೆಗೆ ಅವುಚಿಕೊಂಡಳು.

ಅವಳು ಪಾಲಿಸಿದ ಹಾಗೆ ಆ ಪಥ್ಯವನ್ನು ನಾನೂ ಪಾಲಿಸಿರಲಿಲ್ಲ. ಸಾನಿಕಾಳ ತಾಟು ಬೇರೆ, ಚಮಚೆ ಬೇರೆ. ಚಿಕ್ಕಿ ಹಂಚಿದ ದಿನ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಸಾಬೂನು ಹಚ್ಚಿ ಕೈ ತೊಳೆಸುತ್ತಿದ್ದಳು. ನನ್ನ ಅತ್ತೆ ಒಂದು ದಿನ ಹಿಂಡಿ ಮೆತ್ತಿದ ಕೈಯಲ್ಲಿ ಕೂಸನ್ನು ಮುಟ್ಟಲು ಹೋದಾಗ ಅವರನ್ನೂ ಗದರಿಸಿದ್ದಳಂತೆ. ನಾಲ್ಕು ತಿಂಗಳು ಹೀಗೆ ನಡೆಯಿತು. ನಾನು ಡಿಪೊದಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡೆ, ಜನರಿಗೆ ಅವರ ಭಾಷೆಯಲ್ಲಿ ಹೇಳಬೇಕು, ಡಾಕ್ಟರಿಗೆ ಅದು ಬರುವುದಿಲ್ಲ ಎಂದು.

ಶ್ರಾವಣ ಬಂತು. ಡಾಕ್ಟರಮ್ಮ ಕೂಸನ್ನು ನೋಡಿ, ಚೆನ್ನಾಗಿ ಬೆಳೆದಿದೆ, ಇನ್ನು ಆರು ತಿಂಗಳು ಬಿಟ್ಟು ಬನ್ನಿ ಅಂದಿದ್ದರು. ಮರುದಿನ ಅಂಗನವಾಡಿ ಬಾಗಿಲಲ್ಲಿ ಮೌಶಿ ಕೇಳಿದಳು: "ಡಾಕ್ಟರ ಏನಂದ್ರು?" ನನಗೆ ಬಸ್ಸಿಗೆ ಹೊತ್ತಾಗಿತ್ತು. "ಎಲ್ಲಾ ಆರಾಮ ಅದ ಮೌಶಿ. ಸದ್ಯ ದವಾಖಾನಿ ಇಲ್ಲ," ಎಂದು ಓಡಿದೆ.

ಪಥ್ಯಕ್ಕೆ ಒಂದು ಕೊನೆ ಇರುತ್ತದೆ. ಬೇನೆ ಹೋಯಿತು, ದವಾಖಾನೆ ಮುಗಿಯಿತು ಎಂದರೆ ಪಥ್ಯ ಬಿಡಿಸುತ್ತಾರೆ. ಒಳ್ಳೆಯ ವಾರ ನೋಡಿ, ಹಿರಿಯರ ಕೈಯಿಂದ, ಬಿಟ್ಟ ಪದಾರ್ಥವನ್ನೇ ಒಂದು ಚಿಟಿಕೆ ಮೊಸರಿನಲ್ಲಿ ಕಲಸಿ ಉಣಿಸುತ್ತಾರೆ. ನಾನು ಹೆತ್ತ ಮೇಲೆ ನನಗೂ ಹಾಗೆಯೇ ಬಿಡಿಸಿದ್ದರು. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆ ಶಬ್ದ ಬಾಯಿಗೆ ಬಂದಾಗ ಅದರ ಬಾಲ ನೆನಪಾಗಲಿಲ್ಲ, ಅಷ್ಟೇ.

ಶ್ರಾವಣದ ಸೋಮವಾರ. ಟೀಚರ್ ಮೀಟಿಂಗಿಗೆಂದು ತಾಲ್ಲೂಕು ಕಚೇರಿಗೆ ಹೋಗಿದ್ದರು. ಮೌಶಿ ತಲೆಗೆ ಸ್ನಾನ ಮಾಡಿ, ಮನೆಯಲ್ಲಿ ಹೊಸದಾಗಿ ಹಿಂಡಿ ಕುಟ್ಟಿ ತಂದಿದ್ದಳು. ಹೆಚ್ಚಿಲ್ಲ, ಒಂದು ಚಿಟಿಕೆ ಉಣಿಸಿದಳು. ಕೂಸು ಮೊದಲು ಗಂಟಲು ಕೆರೆದುಕೊಂಡಿತು, ಆಮೇಲೆ ವಾಂತಿ ಮಾಡಿತು, ಮೈಮೇಲೆ ದದ್ದು ಎದ್ದವು. ಪಿತ್ತದ ಗಂಧೆ ಎದ್ದಿವೆ ಎಂದುಕೊಂಡ ಮೌಶಿ, ನಮ್ಮ ಕಡೆ ಎಲ್ಲರೂ ಮಾಡುವಂತೆ, ಕರಿ ಕಂಬಳಿ ಹೊದಿಸಿ ಮೈ ಉಜ್ಜುತ್ತ ಕೂತಳು. ಉಜ್ಜಿದಷ್ಟು ಹೊತ್ತೂ ಕೂಸಿನ ಗಂಟಲು ಒಳಗೆ ಮುಚ್ಚುತ್ತಿತ್ತು. ದನಿ ಒಡೆದು ಗೊರಗೊರ ಎಂದಾಗ ಮೌಶಿ ಹೆದರಿದಳು. ಹೆದರಿ, ಕೂಸನ್ನು ಹೊತ್ತು ಓಡಿದ್ದು ದವಾಖಾನೆಗಲ್ಲ, ಬಸ್‌ಸ್ಟ್ಯಾಂಡಿಗೆ. ತಾಯಿಯ ಕೈಗೆ ಕೊಟ್ಟರೆ ಉಳಿಯುತ್ತದೆ ಎಂದುಕೊಂಡಿದ್ದಳು. ನನ್ನ ಬಸ್ಸು ಬರುವ ಹೊತ್ತು ಅವಳಿಗೆ ಬಾಯಿಪಾಠ.

ಆ ದಿನ ನನ್ನ ಬಸ್ಸು ಹೊತ್ತಿಗೆ ಸರಿಯಾಗಿ ಬರಲಿಲ್ಲ. ದಾರಿಯಲ್ಲಿ ಒಬ್ಬ ಈರುಳ್ಳಿ ಚೀಲವನ್ನು ಬಾಗಿಲಿಗೆ ಅಡ್ಡ ಇಟ್ಟಿದ್ದ. ತೆಗಿ ಅಂದೆ, ತೆಗೆಯಲಿಲ್ಲ. ಬಸ್ಸು ನಿಲ್ಲಿಸಿ, ಅವನು ತೆಗೆಯುವ ತನಕ ಹತ್ತು ನಿಮಿಷ ಬೈದೆ. ಜನ ನಕ್ಕರು, ನಾನು ಗೆದ್ದೆ. ಆ ಹತ್ತು ನಿಮಿಷ ನನ್ನ ಮಗಳು ಆಳಂದದ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ, ಕಂಬಳಿಯೊಳಗೆ, ಉಸಿರಿಗಾಗಿ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದಳು.

ಬಸ್ಸಿನಿಂದ ಇಳಿದಾಗ ಮೌಶಿ ಎದ್ದು ಬಂದು ಕಂಬಳಿಯ ಗಂಟನ್ನು ನನ್ನ ಕೈಗಿಟ್ಟಳು. ತುಟಿ ಬಾತು ನೀಲಿಗಟ್ಟಿತ್ತು. ಕಣ್ಣು ಅರ್ಧ ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. ಟಿಕೆಟ್ ಚೀಲದಿಂದ ಡಬ್ಬಿ ತೆಗೆದೆ. ಮೊದಲ ಸೀಸೆ ಕೈಜಾರಿ ನೆಲಕ್ಕೆ ಬಿದ್ದು ಒಡೆಯಿತು. ಎರಡನೆಯದರ ಕುತ್ತಿಗೆ ಮುರಿದು, ಗೆರೆಯ ತನಕ ಎಳೆದು, ಬಟ್ಟೆಯ ಮೇಲಿಂದಲೇ ತೊಡೆಗೆ ಚುಚ್ಚಿದೆ. ಸುತ್ತ ನಿಂತವರಲ್ಲಿ ಒಬ್ಬಾತ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ. "ಕಂಡಕ್ಟರ್ ಬಾಯಿ ಕೂಸಿಗಿ ಏನೋ ಚುಚ್ಚಾಕತ್ತಾಳ ನೋಡ್ರಿ," ಎಂದು ಅವನು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ನಮ್ಮ ಡ್ರೈವರ್ ಮಾತ್ರ ಒಂದು ಮಾತೂ ಕೇಳಲಿಲ್ಲ. ಇಳಿಯುತ್ತಿದ್ದವರನ್ನು ಇಳಿಸಿ, ಹತ್ತುವವರನ್ನು ತಡೆದು, "ಸುರೇಖಾ ಬಾಯಿ, ಹತ್ರಿ, ಕೂಸಿಗಿ ಸೀಟಿನ ಮ್ಯಾಲ ಅಡ್ಡ ಮಲಗಸ್ರಿ," ಎಂದು ಬಸ್ಸನ್ನು ಸೀದಾ ದವಾಖಾನೆಯ ಗೇಟಿನೊಳಗೇ ನುಗ್ಗಿಸಿದ. ಆ ಇಡೀ ದಿನದಲ್ಲಿ ನನಗೆ ಸಿಕ್ಕ ದಯೆ ಅದೊಂದೇ. ಒಳಗೆ ಇನ್ನೊಂದು ಸೂಜಿ ಕೊಟ್ಟರು, ಆಕ್ಸಿಜನ್ ಹಚ್ಚಿದರು, ಅಂಬುಲೆನ್ಸಿನಲ್ಲಿ ಕಲಬುರಗಿಗೆ ಕಳಿಸಿದರು. ಅಲ್ಲಿ ಗಂಟಲೊಳಗೆ ನಳಿಗೆ ಇಳಿಸಿ ಎರಡು ದಿನ ಇಟ್ಟರು. ಒಮ್ಮೆ ಇಳಿದದ್ದು ತಿರುಗಿ ಕೆರಳಬಹುದು, ಕಾಯಬೇಕು ಅಂದರು. ಗಾಜಿನಾಚೆ ಕೂಸಿನ ಕೈಗಳನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದ್ದರು, ನಳಿಗೆ ಕಿತ್ತುಕೊಳ್ಳಬಾರದೆಂದು. ಕಳ್ಳರನ್ನು ಕಟ್ಟಿದಂತೆ ಕಟ್ಟಿದ್ದರು.

ಅತ್ತೆ ಬಂದು ಗಾಜಿನಲ್ಲಿ ಇಣುಕಿ, "ನೀ ಮನ್ಯಾಗ ಇದ್ದಿದ್ರ ಇದಾಗ್ತಿರ್ಲಿಲ್ಲ," ಎಂದರು. ಗಂಡ ಇದ್ದಲ್ಲೇ ತಲೆ ತಗ್ಗಿಸಿದ. ಇಲ್ಲ ಅನ್ನಲಿಲ್ಲ. ಒಂದು ಬಾಯಿಮಾತಿಗಾದರೂ ಇಲ್ಲ ಅನ್ನಬಹುದಿತ್ತು.

ಮೌಶಿ ನಮ್ಮ ಹಿಂದೆಯೇ ಬಸ್ಸು ಹಿಡಿದು ಬಂದಿದ್ದಳು. ವರಾಂಡದ ಮೂಲೆಯಲ್ಲಿ ಕಂಬಳಿಯನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಹೋಗಿ ಎದುರು ನಿಂತೆ. ಏನು ಉಣಿಸಿದೆ ಎಂದು ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ಸ್ವಾಮಾರ ಅಂತ ನೋಡಿ ಪಥ್ಯ ಬಿಡಸಿದ್ನೆವ್ವಾ. ಚಿಟಗಿ ಹಿಂಡಿ, ಮಸರಾಗ ಕಲಸಿ. ನೀನೇ ಆರಾಮಾಗ್ಯದ ಅಂದಿದ್ದಿ."

ಆಗಲೇ, ಅಲ್ಲೇ, ನನಗೆ ಎಲ್ಲ ತಿಳಿಯಿತು. ಯಾವ ಶಬ್ದ, ಯಾರ ಬಾಯಿಂದ, ಏನು ಮಾಡಿತು ಎಂದು ಹೊಳೆಯಿತು. ಹೊಳೆದ ಕೂಡಲೇ ಅವಳ ಕಪಾಳಕ್ಕೆ ಹೊಡೆದೆ. ವಿಭೂತಿ ನನ್ನ ಬೆರಳಿಗೆ ಹತ್ತಿತು. ಅವಳು ಕೈ ಅಡ್ಡ ತರಲಿಲ್ಲ. ನರ್ಸ್ ಬಂದು ನನ್ನನ್ನು ಎಳೆದುಕೊಂಡು ಹೋದಳು.

ಮೂರನೆಯ ದಿನ ನಳಿಗೆ ತೆಗೆದರು. ಸಾನಿಕಾ ಮುದುಕಿಯಂಥ ಒಡಕು ದನಿಯಲ್ಲಿ ಮೊದಲು ಕೇಳಿದ್ದು ನನ್ನನ್ನಲ್ಲ, ಮೌಶಿಯನ್ನು. ಅವತ್ತು ಮಧ್ಯಾಹ್ನ ದವಾಖಾನೆಯ ಬೆಂಚಿನ ಮೇಲೆ ಕೂತು, ಅಂಗನವಾಡಿಯ ಮೇಲಿನ ಕಚೇರಿಗೆ ಗಂಡನಿಂದ ದೂರಿನ ಕಾಗದ ಬರೆಸಿದೆ. ಶೇಂಗಾ ಕೊಡಬಾರದು ಎಂದು ಸ್ಪಷ್ಟವಾಗಿ ತಿಳಿಸಿದ್ದರೂ ಸಹಾಯಕಿಯು ಬೇಕೆಂತಲೇ ಉಣಿಸಿದ್ದಾಳೆ ಎಂದು. "ಬೇಕಂತಲೇ ಅಂತ ಬರೀಲೇನು?" ಎಂದು ಗಂಡ ಒಮ್ಮೆ ಪೆನ್ನು ಎತ್ತಿ ಕೇಳಿದ. ಬರಿ ಅಂದೆ. ಸಹಿ ಹಾಕಿದೆ. ವಿಚಾರಣೆಗೆ ಕರೆದಾಗಲೂ ಅದನ್ನೇ ಹೇಳಿದೆ. ಮೌಶಿ ಅಲ್ಲಿ ಪಥ್ಯ, ಪಥ್ಯ ಎಂದು ಹೇಳಿದಳಂತೆ. ಹಾಳೆಯ ಮೇಲೆ ಅದು ಹುಚ್ಚು ಮುದುಕಿಯ ಮಾತಾಗಿ ಕಂಡಿರಬೇಕು. ಅವಳನ್ನು ತೆಗೆದರು. ಅಫಜಲಪುರದ ಹತ್ತಿರದ ಹಳ್ಳಿಗೆ, ಮಗಳ ಮನೆಗೆ ಹೋದಳು ಎಂದು ಕೇಳಿದೆ. ಕೇಳಿ ನನಗೆ ಹಗುರಾಯಿತು, ಸುಳ್ಳೇಕೆ ಹೇಳಲಿ.

ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದು, "ಅಲ್ಲಿ ಸೂಜಿ ಇಟ್ಟಿದ್ರೇನು?" ಎಂದು. ಆಮೇಲೆ, "ಅವ್ರಿಗಿ ಏನಂತ ಹೇಳಿದ್ರಿ?" ಎಂದರು. ಹೇಳಿದೆ. ನಮ್ಮ ಕಡೆಯವರಲ್ಲವೇ, ವಿವರಿಸುವ ಅಗತ್ಯ ಬೀಳಲಿಲ್ಲ.

ಅದಾದ ಮೇಲೆ ನಾನು ಶಬ್ದ ಬದಲಿಸಿದೆ. ಈಗ ವಿಷ ಅನ್ನುತ್ತೇನೆ. ಶೇಂಗಾ ನನ್ನ ಮಗಳಿಗೆ ವಿಷ, ಇವತ್ತೂ ವಿಷ, ಸಾಯುವ ತನಕ ವಿಷ. ಜನರಿಗೆ ಕೂಡಲೇ ತಿಳಿಯುತ್ತದೆ. ಅದಕ್ಕೂ ಬೆಲೆ ತೆರಬೇಕಾಯಿತು. ಬೇರೆ ಓಣಿಯ ಅಂಗನವಾಡಿಗೆ ಹಾಕಿದಾಗ ಮಕ್ಕಳು ಅವಳನ್ನು "ವಿಷದ ಹುಡುಗಿ" ಎಂದು ಕರೆದು, ಮುಟ್ಟಿದರೆ ಸಾಯುತ್ತೇವೆ ಎಂದು ಓಡಿದವು. ಇವಳಿಂದಾಗಿ ನಮ್ಮ ಮಕ್ಕಳಿಗೆ ಚಿಕ್ಕಿ ತಪ್ಪಿತು ಎಂದು ತಾಯಂದಿರು ಬಾಗಿಲಿಗೆ ಬಂದರು. ಅಲ್ಲಿನ ಟೀಚರ್ ಹುಡುಗಿ ಮಾತ್ರ ಗಟ್ಟಿ. ಬಾಳೆಕಾಯಿಗೆ ಹತ್ತು ಸಲ ಚುಚ್ಚಿ ಕಲಿತಳು. ಸೂಜಿಯ ಡಬ್ಬಿ ಕೈಗೆ ಸಿಗುವ ಮೊಳೆಗೆ ತೂಗುಹಾಕಿದಳು, ಬೀಗ ಹಾಕಲಿಲ್ಲ. "ಕುಂದ್ರಸಬಾರದು, ನಿಲ್ಲಸಬಾರದು, ಮಲಗಸಬೇಕು, ಹೌದಿಲ್ರಿ?" ಎಂದು ತಾನೇ ನನಗೆ ಒಪ್ಪಿಸಿದಳು. ಅವತ್ತು ಬಸ್ಸಿನಲ್ಲಿ ನಿಂತುಕೊಂಡೇ ಅತ್ತುಬಿಟ್ಟೆ.

ಇದನ್ನು ಓದುವ ತಾಯಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಔಷಧ ನಿಮ್ಮ ಚೀಲದಲ್ಲಿದ್ದು ಕೂಸು ಇನ್ನೆಲ್ಲೋ ಇದ್ದರೆ ಅದು ಇಲ್ಲದ ಹಾಗೆಯೇ. ಕೂಸು ಎಲ್ಲಿರುತ್ತದೋ ಅಲ್ಲಿನವರಿಗೆ ಚುಚ್ಚಲು ಕಲಿಸಿ, ಒಲ್ಲೆ ಅಂದರೆ ಜಗಳ ಮಾಡಿ. ಮತ್ತು ಮಾತು ಹೇಳಿದ ಮೇಲೆ, ಅವರಿಗೆ ಅದು ಏನಾಗಿ ಕೇಳಿಸಿತು ಎಂದು ಅವರ ಬಾಯಿಂದಲೇ ಹೇಳಿಸಿ.

ಹೋದ ತಿಂಗಳು ನನಗೆ ಅಫಜಲಪುರದ ಡ್ಯೂಟಿ ಬಿತ್ತು. ಸಂತೆಯ ದಿನ, ಬಸ್ಸು ತುಂಬಿತ್ತು. ಟಿಕೆಟ್ ಕೊಡುತ್ತ ಹಿಂದೆ ಹೋದಾಗ, ಕೊನೆಯ ಸೀಟಿನ ಮೂಲೆಯಲ್ಲಿ ಕಾಶೀಮೌಶಿ ಕೂತಿದ್ದಳು. ಸೊರಗಿ ಹೋಗಿದ್ದಳು. ಊರಿನ ಹೆಸರು ಹೇಳಿ ಆಧಾರ್ ಕಾರ್ಡು ತೋರಿಸಿದಳು, ನಾನು ಯಾರೋ ಅನ್ನುವ ಹಾಗೆ. ಟಿಕೆಟ್ ಕೈಗಿಟ್ಟ ಮೇಲೆ ನನ್ನ ಮಣಿಕಟ್ಟು ಹಿಡಿದಳು.

"ಕೂಸು?"

"ಆರಾಮ ಅದ ಮೌಶಿ. ಸಾಲಿಗಿ ಹೊಂಟಾಳ."

ಅವಳು ಕೈ ಬಿಡಲಿಲ್ಲ. "ಒಂದ್ ಮಾತ್ ಕೇಳ್ತೇನಿ, ಸಿಟ್ಟಾಗಬ್ಯಾಡ. ನಾ ಪಥ್ಯ ಎಷ್ಟು ದಿನ ಮೊದಲ ಬಿಡಸಿದ್ನಿ? ಒಂದ್ ವಾರಾ? ಎರಡ್ ವಾರಾ? ದಿನಾ ಎಣಸ್ತೇನಿ, ಲೆಕ್ಕ ಹತ್ತವಲ್ದು."

ಸುತ್ತ ಜನ ಇದ್ದರು. ನಾನು ಬಗ್ಗಿ ಹೇಳಿದೆ. "ಅದು ಬಿಡಸೂದೇ ಅಲ್ಲ ಮೌಶಿ. ಅದು ಪಥ್ಯನೇ ಅಲ್ಲ. ನಿನಗ ತಿಳೀಲಿ ಅಂತ ನಾನೇ ಹಂಗ ಅಂದಿದ್ನಿ. ತಪ್ಪು ನಂದು."

ಅವಳು ನನ್ನ ಮಣಿಕಟ್ಟು ಬಿಟ್ಟಳು. ಊರು ಬರುವ ತನಕ ಕಿಟಕಿಯ ಹೊರಗೆ ನೋಡುತ್ತ ಕೂತಳು. ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ಕೇಳಿದಳು: "ನಿನಗಿದು ಯಾವಾಗ ಗೊತ್ತಾತು?"

"ಅವತ್ತೇ. ದವಾಖಾನ್ಯಾಗ."

"ಅಂದ್ರ ಕಾಗದಾ ಬರಿಯೂಕಿಂತ ಮೊದಲ," ಎಂದಳು. ಇಳಿದು ಹೋದಳು. ಡ್ರೈವರ್ ಎರಡು ಸಲ ಹಾರನ್ ಹೊಡೆದ ಮೇಲೆ ನಾನು ಸೀಟಿ ಊದಿದೆ.

ಆ ಕಾಗದವನ್ನು ತಿದ್ದಲು ನಾಲ್ಕು ಸಾಲು ಸಾಕು. ಬೇಕೆಂತಲೇ ಅಲ್ಲ, ನಾನು ಹೇಳಿದ ಮಾತನ್ನೇ ಅವಳು ಪಾಲಿಸಿದಳು ಎಂದು ಬರೆದು ಕಚೇರಿಗೆ ಕೊಟ್ಟರೆ ಆಯಿತು. ಕೆಲಸ ತಿರುಗಿ ಬಾರದಿದ್ದರೂ ಹೆಸರಾದರೂ ಅವಳಿಗೆ ತಿರುಗಿ ಬರುತ್ತದೆ. ನಿಮಗಾಗಿ ಇಷ್ಟುದ್ದ ಬರೆದೆ. ಆ ನಾಲ್ಕು ಸಾಲು ಇನ್ನೂ ಬರೆದಿಲ್ಲ. ಬರೆದರೆ, ನನ್ನ ಮಗಳಿಗೆ ಹೀಗಾಗಲು ಕಾರಣ ಯಾರು ಎಂದು ಅತ್ತೆ ಕೇಳುವ ದಿನ, ಉತ್ತರವಾಗಿ ಆ ನಾಲ್ಕು ಸಾಲಿನ ಕೆಳಗೆ ನನ್ನ ಸಹಿ ಇರುತ್ತದೆ.